ಜರ್ಮನ್‌ನಲ್ಲಿ ಒಲ್ಲೆ ಅಂದದ್ದು

ನನಗೆ ಜರ್ಮನ್ ಭಾಷೆ ಬರುತ್ತಿತ್ತು ಎಂದರೆ ಈಗ ಯಾರೂ ನಂಬುವುದಿಲ್ಲ. ಬನಹಟ್ಟಿಯಲ್ಲಿ ನೂಲಿಗೆ ನೀಲಿ ಹಾಕುವ ನೀಲಗಾರರ ಓಣಿಯವನು, ಮೊಣಕೈತನಕ ನೀಲಿ ಮೆತ್ತಿಕೊಂಡೇ ಊಟಕ್ಕೆ ಕೂರುವವನು, ಇವನಿಗೆಲ್ಲಿಯ ಜರ್ಮನ್ ಎಂದು ನಗುತ್ತಾರೆ. ನಗಲಿ. ಜರ್ಮನ್ ಪಾದ್ರಿಗಳು ನಡೆಸುತ್ತಿದ್ದ ಒಂದು ನೇಯ್ಗೆ ಕಾರ್ಖಾನೆಯಲ್ಲಿ ನಾನು ಏಳು ವರ್ಷ ಬಣ್ಣದ ಕೋಣೆ ನೋಡಿಕೊಂಡಿದ್ದೆ. ಬಣ್ಣದ ಡಬ್ಬಿಯ ಮೇಲಿನ ಚೀಟಿ ಜರ್ಮನ್‌ನಲ್ಲಿ, ಡಬ್ಬಿಯೊಳಗಿನ ಸೂಚನೆಯ ಹಾಳೆ ಜರ್ಮನ್‌ನಲ್ಲಿ. ಓದಲು ಬಾರದವನು ಒಂದು ಹಂಡೆ ನೂಲು ಕೆಡಿಸಿದರೆ ಅವನ ಕೆಲಸ ಹೋದಂತೆಯೇ. ಹಾಗಾಗಿ ಕಲಿತೆ. ಪಾದ್ರಿಯ ಹೆಂಡತಿ ನನ್ನ ಅಕ್ಷರ ಗುಂಡಗಿವೆ ಎಂದು ತಮ್ಮ ಪತ್ರಗಳನ್ನು ನನ್ನಿಂದ ನಕಲು ಮಾಡಿಸುತ್ತಿದ್ದರು. ಅದರಿಂದ ಇನ್ನಷ್ಟು ಕಲಿತೆ.

ಆದರೆ ಒಂದು ದೊಡ್ಡ ಕೊರತೆ ಇತ್ತು, ಅದು ನನಗೇ ಗೊತ್ತಿರಲಿಲ್ಲ. ಆ ಭಾಷೆಯಲ್ಲಿ ನಾನು ಯಾರಿಗೂ ಒಲ್ಲೆ ಎಂದಿರಲಿಲ್ಲ. ಹೇಳಿದ್ದಕ್ಕೆಲ್ಲ 'ಯಾವೋಲ್' ಅಂದರೆ ಅಪ್ಪಣೆ, ಕೊಟ್ಟದ್ದಕ್ಕೆಲ್ಲ 'ಡಾಂಕ' ಅಂದರೆ ಉಪಕಾರವಾಯಿತು. ಏಳು ವರ್ಷ ಈ ಎರಡರಲ್ಲೇ ಬದುಕಿದ್ದೆ. ಆಳಾಗಿ ಕಲಿತ ಭಾಷೆಯಲ್ಲಿ ಬೇಡ ಎನ್ನುವ ಪಾಠವನ್ನು ಯಾರು ಕಲಿಸುತ್ತಾರೆ?

ಊರಿಗೆ ಮರಳಿ ನಮ್ಮ ಮನೆಯ ಬಣ್ಣದ ಬಾನಿಗಳನ್ನು ಹಿಡಿದು ನಾಲ್ಕೈದು ವರ್ಷವಾಗಿತ್ತು. ಸಂಸ್ಥಾನಗಳ ಕಾಲ, ಎರಡನೆಯ ಮಹಾಯುದ್ಧ ಇನ್ನೂ ಕೆಲವು ವರ್ಷ ದೂರ. ಬೇಸಿಗೆಯ ಒಂದು ಬೆಳಗ್ಗೆ ಕುಡಚಿ ಸ್ಟೇಶನ್ನಿನ ಕಡೆಯಿಂದ ಒಂದು ಮೋಟಾರು ಧೂಳೆಬ್ಬಿಸುತ್ತ ಬಂದು ನಮ್ಮ ಓಣಿಯ ಬಾಯಲ್ಲಿ ನಿಂತಿತು. ಇಳಿದವನು ಒಬ್ಬ ಜರ್ಮನ್ ಸಾಹೇಬ. ನಾವು ಕೊಳ್ಳುತ್ತಿದ್ದ ನೀಲಿ ಪುಡಿಯ ಕಂಪನಿಯ ಮುಂಬಯಿ ಕಚೇರಿಯವನು, ಬಣ್ಣದ ಶಾಸ್ತ್ರದಲ್ಲೇ ಡಾಕ್ಟರ್ ಪದವಿ ಪಡೆದವನು. ನಮ್ಮ ಕಡೆಯ ಚಂದ್ರಕಾಳಿ ಸೀರೆಯ ಕಪ್ಪುನೀಲಿಯನ್ನು ಸೊಲ್ಲಾಪುರದ ಪೇಟೆಯಲ್ಲಿ ನೋಡಿ, ತಮ್ಮದೇ ಪುಡಿಯಿಂದ ಈ ಬಣ್ಣ ಹೇಗೆ ಬಂತು ಎಂದು ಹುಡುಕಿಕೊಂಡು ಬಂದಿದ್ದ. ನಾನು ಕಟ್ಟೆಯ ಮೇಲಿಂದ ಇಳಿದು ಜರ್ಮನ್‌ನಲ್ಲಿ ನಮಸ್ಕಾರ ಹೇಳಿದೆನೋ ಇಲ್ಲವೋ, ಆತ ಬಾಯಿ ತೆರೆದು ಹಾಗೇ ನಿಂತ. ಆಮೇಲೆ ನನ್ನ ಎರಡೂ ಕೈ ಹಿಡಿದು ಕುಲುಕಿದ. ತನ್ನ ಕೈಗೂ ನೀಲಿ ಹತ್ತಿತು, ಅದನ್ನು ನೋಡಿ ಇನ್ನೂ ನಕ್ಕ. ಆ ದಿನದ ನನ್ನ ಹಿಗ್ಗನ್ನು ಏನು ಹೇಳಲಿ. ಇಡೀ ಓಣಿ ಬಾಗಿಲಲ್ಲಿ ನಿಂತು ನನ್ನ ಬಾಯಿಯನ್ನೇ ನೋಡುತ್ತಿತ್ತು.

ನಮ್ಮ ಓಣಿಯಲ್ಲಿ ಹನ್ನೊಂದು ಮನೆ. ಎಲ್ಲರಿಗೂ ಹಿರಿಯ ನನ್ನ ಕಾಕಾ. ಅವರ ಮನೆಯ ಹಿತ್ತಲಲ್ಲಿ ಕುತ್ತಿಗೆತನಕ ನೆಲದಲ್ಲಿ ಹೂತ ಆರು ಬಾನಿ. ನೀಲಿ ಪುಡಿ, ಸುಣ್ಣ, ಬೆಲ್ಲ, ಬೇಯಿಸಿದ ತಗಚಿ ಬೀಜ ಹಾಕಿ ದಿನಗಟ್ಟಲೆ ಹುಳಿ ಬರಿಸಿದ ನೀರು ಅದರಲ್ಲಿ. ಹದ ತಪ್ಪಿದರೆ ಬಾನಿ ಸತ್ತಿತು ಎನ್ನುತ್ತೇವೆ, ಮತ್ತೆ ಮೊದಲಿನಿಂದ ಶುರು. ಸಾಹೇಬ ಚೀಲದಿಂದ ಗಾಜಿನ ಕಡ್ಡಿ ತೆಗೆದು ಶಾಖ ನೋಡಿದ, ಒಂದು ಸಣ್ಣ ಕಾಗದ ಅದ್ದಿ ಅದರ ಬಣ್ಣ ನೋಡಿದ, ಪುಸ್ತಕದಲ್ಲಿ ಬರೆದುಕೊಂಡ. ಕಾಕಾ ಅಷ್ಟರಲ್ಲಿ ಬೆರಳು ಅದ್ದಿ ನಾಲಗೆಯ ತುದಿಗೆ ಹಚ್ಚಿಕೊಂಡರು.

"ಒಂದು ಹಿಡಿ ಸುಣ್ಣಾ ಕಮ್ಮಿ ಆಗೇದ," ಎಂದರು.

ನಾನು ಅದನ್ನು ಜರ್ಮನ್‌ಗೆ ತಿರುಗಿಸಿದೆ. ಸಾಹೇಬ ತನ್ನ ಕಾಗದವನ್ನು ನೋಡಿದ, ಕಾಕಾನನ್ನು ನೋಡಿದ. ಕಾಗದವೂ ಅದನ್ನೇ ಹೇಳುತ್ತಿತ್ತಂತೆ! ತಡೆಯಲಾರದೆ ತಾನೂ ಬೆರಳು ಅದ್ದಿ ನೆಕ್ಕಿದ. ಆ ಮುಖ ನೋಡಿ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಓಡಿದರು. ನಾನು ನೂಲಿನ ಒಂದು ಲಡಿಯನ್ನು ಬಾನಿಗೆ ಇಳಿಸಿ ಎತ್ತಿದೆ. ಹೊರಬರುವಾಗ ಹಸಿರು, ಗಾಳಿ ತಾಗುತ್ತಿದ್ದಂತೆ ಅಂಚಿನಿಂದ ನೀಲಿ ಏರುತ್ತ ಬಂತು. ಸಾವಿರ ಸಲ ನೋಡಿದ ನನಗೂ ಅದು ಇಂದಿಗೂ ಬೇಸರವಾಗಿಲ್ಲ. ಡಾಕ್ಟರ್ ಸಾಹೇಬನಿಗೂ ಬೇಸರವಾಗಿರಲಿಲ್ಲ ಎಂಬುದು ಕಣ್ಣಿನಲ್ಲೇ ಕಾಣುತ್ತಿತ್ತು. ಅಲ್ಲಿಂದ ಅವನು ನನ್ನವನಾದ.

ಮಧ್ಯಾಹ್ನ ಕಾಕಾನ ಪಡಸಾಲೆಯಲ್ಲಿ ಕೂತು ಅವನು ತನ್ನ ಮಾತು ತೆಗೆದ. ಹನ್ನೊಂದು ಮನೆಯ ಹಿರಿಯರೂ ಸೇರಿದ್ದರು.

"ಏನಂತಾನೊ ತಮ್ಮಾ?" ಎಂದು ಕಾಕಾ ಕೇಳಿದರು.

"ದೊಡ್ಡದೊಂದು ಬಣ್ಣದ ಮನಿ ಕಟ್ಟಸ್ತೇವಿ ಅನ್ನಾಕತ್ತಾರ್ರೀ ಕಾಕಾ. ಉಗಿ ಬಾಯ್ಲರ್ ಅವರದ, ತಾಮ್ರದ ಹಂಡೆ ಅವರದ, ಪುಡಿನೂ ಅವರದ. ಬನಹಟ್ಟಿ, ರಬಕವಿ, ಎರಡೂ ಊರಿನ ನೂಲು ಅಲ್ಲೇ ಬಣ್ಣಾ ಆಗಬೇಕು. ನಮ್ಮ ಓಣ್ಯಾನವರೆಲ್ಲಾ ಅಲ್ಲೇ ಕೆಲಸಕ್ಕ ಬರಬೇಕು."

"ನಮ್ಮ ಬಾನಿ?"

ಕೇಳಿ ಹೇಳಿದೆ: "ಮುಚ್ಚಬೇಕಂತ. ಆಮ್ಯಾಲ ಪುಡಿ ಹೊರಗ ಮಾರೂದಿಲ್ಲಂತ."

ಸಾಹೇಬ ಕೆಟ್ಟವನಲ್ಲ. ಅವನ ಲೆಕ್ಕದಲ್ಲಿ ಅದು ಉಪಕಾರವೇ. ಹುಳಿ ವಾಸನೆ ಇಲ್ಲ, ಬೆನ್ನು ಬಗ್ಗಿಸುವುದಿಲ್ಲ, ಎಲ್ಲ ಲಡಿಯೂ ಒಂದೇ ಬಣ್ಣ. ಅವನು ಹುರುಪಿನಿಂದ ಹೇಳುತ್ತಲೇ ಇದ್ದ. ಕೊನೆಗೆ ಚೀಲದಿಂದ ಎರಡು ಚಿತ್ರ ತೆಗೆದ. ಒಂದು ದೊಡ್ಡ ಹಡಗು. ಇನ್ನೊಂದು ಅವರ ದೇಶದ ಬಣ್ಣದ ಶಾಲೆ, ಸಾಲಾಗಿ ಗಾಜಿನ ಕಿಟಕಿಗಳು. ನನ್ನ ಭುಜ ತಟ್ಟಿ ಹೇಳಿದ: ನಿನ್ನಂಥವನು ಇಲ್ಲಿ ಯಾಕೆ? ಎರಡು ವರ್ಷ ನಮ್ಮ ಶಾಲೆಯಲ್ಲಿ ಕಲಿ, ಖರ್ಚೆಲ್ಲ ಕಂಪನಿಯದು, ಮರಳಿ ಬಂದು ಆ ಬಣ್ಣದ ಮನೆಗೆ ನೀನೇ ಮುಖ್ಯಸ್ಥ.

ನಾನು ಎರಡೂ ಚಿತ್ರಗಳನ್ನು ಕೈಗೆ ತೆಗೆದುಕೊಂಡು ನೋಡಿದೆ. ಡಬ್ಬಿಯ ಚೀಟಿಯ ಮೇಲೆ ಬರೀ ಹೆಸರಾಗಿದ್ದ ಊರುಗಳು! ಆ ಪುಡಿ ಹುಟ್ಟುವ ಜಾಗ! ಏಳು ವರ್ಷ ಅದರ ವಾಸನೆ ಕುಡಿದವನಿಗೆ ಅದನ್ನು ಹುಟ್ಟಿಸುವುದು ಹೇಗೆ ಎಂದು ತಿಳಿಯುವ ಆಸೆ ಇರುವುದಿಲ್ಲವೇ?

"ಈಗೇನಂದ?" ಎಂದರು ಕಾಕಾ.

"ಅದ ಮಾತು ಮತ್ತ ಹೇಳಿದ್ರು," ಎಂದುಬಿಟ್ಟೆ. ಯಾಕೆ ಮುಚ್ಚಿಟ್ಟೆನೋ, ಆ ಹೊತ್ತಿಗೆ ನನಗೂ ಗೊತ್ತಿರಲಿಲ್ಲ.

ಹಿರಿಯರು ಹಿತ್ತಲಿಗೆ ಹೋಗಿ ಮಾತಾಡಿಕೊಂಡರು. ಹೆಚ್ಚು ಹೊತ್ತು ಹಿಡಿಯಲಿಲ್ಲ. ಪ್ರತಿ ನೇಕಾರನಿಗೂ ತನ್ನ ನೀಲಗಾರನಿದ್ದಾನೆ. ಒಬ್ಬನ ಅಜ್ಜ ಬಣ್ಣ ಹಾಕಿಸಿದ ಮನೆಗೇ ಮೊಮ್ಮಗನೂ ಬರುತ್ತಾನೆ. ನಮ್ಮ ನೀಲಿಗೆ ತುಸು ಕೆಂಪು ಸೇರಿದ ಹೊಳಪು, ಎದುರು ಮನೆಯದು ಕಾಗೆಗಪ್ಪು, ಮೂಲೆ ಮನೆಯದು ತಿಳಿ.

"ನಮ್ಮ ಬಾನಿ ಮುಚ್ಚಿ ಇನ್ನೊಬ್ಬರ ಹಂಡೆಗೆ ಕೂಲಿಗೆ ಹೋಗೂದಂದ್ರ ಒಲ್ಲೇವು," ಎಂದರು ಕಾಕಾ. "ಆದ್ರ ಅವನ ಪುಡಿ ನಮಗ ಬೇಕು. ಸಿಟ್ಟಿಗೆಬ್ಬಿಸಿ ಕಳಸಾಕ ಬರೂದಿಲ್ಲ. ಮನಿಗೆ ಬಂದಾವಗ ಬಾಯಿಲೆ ಒಲ್ಲೆ ಅನಬಾರದು. ಆಯೇರಿ ಮಾಡಿ ಕಳಸೂಣು. ತಿಳಕೋತಾನ."

ಇಲ್ಲಿ ನಮ್ಮ ಓಣಿಯ ಪದ್ಧತಿ ಹೇಳಬೇಕು. ಕನ್ಯೆ ಕೇಳಲು ಬಂದವರಿರಲಿ, ಪಾಲುದಾರಿಕೆ ಕೇಳಲು ಬಂದವರಿರಲಿ, ಮಾತು ಒಪ್ಪಿಗೆಯಾದರೆ ಕೊನೆಗೆ ಎಲೆ ಅಡಿಕೆ ಕೊಡುತ್ತೇವೆ. ಒಪ್ಪಿಗೆಯಾಗದಿದ್ದರೆ ಬಂದವರಿಗೆ ರುಮಾಲು ಸುತ್ತುತ್ತೇವೆ, ಕಾಯಿ ಕೊಡುತ್ತೇವೆ, ಹಾರ ಹಾಕುತ್ತೇವೆ, ಇದೇ ಆಯೇರಿ; ಎಲೆ ಮಾತ್ರ ಕೊಡುವುದಿಲ್ಲ. ಬಂದವರು ತಟ್ಟೆ ನೋಡುತ್ತಾರೆ, ಎಲೆ ಇಲ್ಲ, ತಿಳಿಯುತ್ತದೆ. ಯಾರೂ ಯಾರ ಮುಖಕ್ಕೂ ಹೊಡೆದಂತೆ ಮಾತಾಡಬೇಕಾಗಿಲ್ಲ. ಎಷ್ಟು ಹಗುರ, ಎಷ್ಟು ಚಂದ!

ಸಾಹೇಬನ ಬೋಳು ತಲೆಗೆ ಕಾಕಾ ಕೈಯಾರೆ ಕೆಂಪು ರುಮಾಲು ಸುತ್ತಿದರು. ಕಾಯಿ ಕೊಟ್ಟರು, ಹಾರ ಹಾಕಿದರು. ಎಲೆ ಇಲ್ಲದ ತಟ್ಟೆಯನ್ನು ಎಲ್ಲರಿಗೂ ಕಾಣುವಂತೆ ನಡುವೆ ಇಟ್ಟರು. ಹಿರಿಯರೆಲ್ಲ ಗಂಭೀರವಾಗಿ, ತುಸು ನೊಂದ ಮುಖ ಮಾಡಿಕೊಂಡು ಕೂತರು. ಸಾಹೇಬನ ಕಣ್ಣಲ್ಲಿ ನೀರಾಡಿತು. ಎದ್ದು ಎಲ್ಲರ ಕೈ ಕುಲುಕಿ, ನನ್ನನ್ನು ಅಪ್ಪಿಕೊಂಡು, ರುಮಾಲು ತೆಗೆಯದೆಯೇ ಮೋಟಾರು ಹತ್ತಿದ.

"ಪಾಪ, ಮನಸಿಗೆ ಹಚಗೊಂಡ," ಎಂದರು ಕಾಕಾ.

ಅವನಿಗೆ ಎಲೆಯ ಸಂಗತಿ ಏನು ಗೊತ್ತು ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಎರಡೂ ಕಡೆ ಕಂಡವನು ನಾನೊಬ್ಬನೇ. ಖರೆ ಹೇಳುತ್ತೇನೆ, ಹೊಳೆದಿತ್ತು. ಒಂದು ಗಳಿಗೆ ಹೊಳೆದದ್ದನ್ನು ಒತ್ತಿಬಿಟ್ಟೆ. ಮನಸ್ಸಿನ ಮೂಲೆಯಲ್ಲಿ ಆ ಹಡಗು ನಿಂತಿತ್ತು.

ಮೂರು ವಾರಕ್ಕೆ ಪತ್ರ ಬಂತು, ದಪ್ಪ ಲಕೋಟೆ. ನಾನು ಕಟ್ಟೆಯ ಮೇಲೆ ನಿಂತು ಓದುತ್ತ ಹೋದಂತೆ ಕಾಕಾನನ್ನು ಕೂಗಿ ಕರೆದೆ. ಬಾಯ್ಲರ್ ಗೊತ್ತುಮಾಡಿದ್ದಾರೆ. ಕಟ್ಟಡದ ನಕ್ಷೆ ಲಕೋಟೆಯಲ್ಲೇ ಇದೆ. ಹದಿನೈದು ದಿನಕ್ಕೆ ಸಾಹೇಬ ಒಬ್ಬ ಇಂಜಿನಿಯರನ ಜೊತೆ ಜಮಖಂಡಿಗೆ ಬಂದು ಇಳಿಯುತ್ತಾನೆ, ಕರಾರಿಗೆ ಸಹಿ ಅಲ್ಲೇ. ಹಿರಿಯರು ತನ್ನ ತಲೆಗೆ ಸುತ್ತಿದ ರುಮಾಲನ್ನು ಕಚೇರಿಯ ಗೋಡೆಗೆ ತೂಗುಹಾಕಿದ್ದಾನಂತೆ. ಒಪ್ಪಿಗೆಯ ಇಂಥ ಸುಂದರ ಗುರುತನ್ನು ತಮ್ಮ ಕಂಪನಿ ಎಲ್ಲೂ ಕಂಡಿಲ್ಲವಂತೆ.

"ಎಲಿ ಎಲ್ಲೆ ಕೊಟ್ಟೇವೊ ನಾವು?" ಕಾಕಾ ಕೂಗಿಕೊಂಡರು. "ತಟ್ಟಿ ನಡುವ ಇಟ್ಟಿದ್ದೆ! ಕಣ್ಣು ಕಾಣೂದಿಲ್ಲೇನು ಅವಗ?"

"ಅವರ ದೇಶದಾಗ ಎಲಿನ ಇಲ್ರಿ ಕಾಕಾ."

"ಎಲಿನ ಇಲ್ಲಾ?" ಅವರು ಬೆರಗಾಗಿ ಕೂತರು. "ಮತ್ತ ಆ ಮಂದಿ ಒಲ್ಲೆ ಅಂತ ಹೆಂಗ ಹೇಳ್ತಾರು?"

ಆ ಪ್ರಶ್ನೆಗೆ ಉತ್ತರ ಕೊಡಬೇಕಾದವನು ನಾನು. ನನಗೇ ಗೊತ್ತಿರಲಿಲ್ಲ. ಅಂದಿನಿಂದ ಶುರುವಾಯಿತು ನೋಡಿ ನನ್ನ ಜೀವನದ ಅತಿ ಬಿಡುವಿಲ್ಲದ ದಿನಗಳು. ಬೆಳಗ್ಗೆ ಬಾನಿ ಕಲಕಿ ಮುಚ್ಚಿ, ಕೈ ತೊಳೆದು, ಕಟ್ಟೆಯ ಮೇಲೆ ಹಲಗೆ ಇಟ್ಟುಕೊಂಡು ಕೂರುತ್ತಿದ್ದೆ. ಸುತ್ತ ಹಿರಿಯರು. ಒಬ್ಬ ಸಾಹೇಬನಿಗೆ ಒಲ್ಲೆ ಎನ್ನಬೇಕು, ಅವನು ಸಿಟ್ಟಾಗಬಾರದು, ಪುಡಿ ನಿಲ್ಲಬಾರದು. ಪುಡಿ ನಿಂತರೆ ಹನ್ನೊಂದು ಮನೆಯ ಬಾನಿಯೂ ಒಣಗುತ್ತದೆ, ಆಮೇಲೆ ಬಾಯ್ಲರ್ ಬಂದರೇನು, ಬಾರದಿದ್ದರೇನು.

ಮೊದಲನೆಯ ಪತ್ರ ಹಿರಿಯರು ಹೇಳಿದಂತೆ ಬರೆದೆ. ತಮ್ಮ ಪಾದಧೂಳಿಯಿಂದ ನಮ್ಮ ಓಣಿ ಪಾವನವಾಯಿತು, ತಮ್ಮ ಮನಸ್ಸು ಕೃಷ್ಣೆಯಷ್ಟು ಅಗಲ, ನಾವು ಬಡವರು, ತಮ್ಮಂಥ ದೊಡ್ಡವರ ನೆರಳು ನಮ್ಮ ಮೇಲಿರಲಿ. ಎರಡು ಹಾಳೆ ತುಂಬಿತು. ಎಲ್ಲರೂ ತಲೆದೂಗಿದರು. ನಾನು ಅದನ್ನು ಸಾಹೇಬನ ಕಣ್ಣಿನಿಂದ ಮತ್ತೊಮ್ಮೆ ಓದಿದೆ. ಓದಿದರೆ ಅವನು ಒಂದಲ್ಲ, ಎರಡು ಬಾಯ್ಲರ್ ಕಳಿಸುವಂತಿತ್ತು! ಹರಿದು ಹಾಕಿದೆ.

ಎರಡನೆಯದನ್ನು ನಾನೊಬ್ಬನೇ ಬರೆದೆ. ನನ್ನ ಜರ್ಮನ್ ಬಣ್ಣದ ಹಾಳೆಯಿಂದ ಬಂದದ್ದು ಎಂದೆನಲ್ಲ. ಅಲ್ಲಿ ಎಲ್ಲವೂ ಅಪ್ಪಣೆ: ನೀರು ಕಾಯಿಸತಕ್ಕದ್ದು, ಪುಡಿ ಹಾಕತಕ್ಕದ್ದು, ಕಲಕತಕ್ಕದ್ದು. ನನ್ನ ಕೈಯಿಂದಲೂ ಅದೇ ಬಂತು. ಬಾಯ್ಲರ್ ಕಳಿಸತಕ್ಕದ್ದಲ್ಲ. ಬಾನಿ ಮುಚ್ಚತಕ್ಕದ್ದಲ್ಲ. ಪುಡಿ ಮೊದಲಿನಂತೆ ಕಳಿಸತಕ್ಕದ್ದು. ಓದಿ ನೋಡಿದರೆ ಫೌಜುದಾರ ಚಾವಡಿಗೆ ಅಂಟಿಸಿದ ನೋಟೀಸಿನ ಹಾಗಿತ್ತು. ಹೆಂಡತಿಗೆ ಅರ್ಥ ಹೇಳಿದೆ.

"ಪುಡಿ ಬೇಡಾವರು ಹಿಂಗ ಬೇಡ್ತಾರೇನ್ರಿ?" ಎಂದು ನಕ್ಕಳು. ಅದೂ ಹರಿಯಿತು.

ನಾಲ್ಕನೆಯ ದಿನ ಬಾನಿಯ ಮುಂದೆ ಲಡಿ ಹಿಂಡುತ್ತಿದ್ದಾಗ ಪಾದ್ರಿಯ ಹೆಂಡತಿಯ ಪತ್ರಗಳು ನೆನಪಾದವು. ಆ ಅಮ್ಮ ಎಷ್ಟೋ ಕಡೆಯಿಂದ ಬಂದ ಕರೆಗಳಿಗೆ ಬರಲಾರೆ ಎಂದು ಬರೆಯುತ್ತಿದ್ದರು. ಕಲೆಕ್ಟರನ ಮನೆಯ ಊಟ, ಯಾರದೋ ಮದುವೆ, ಇನ್ನಾರದೋ ಬೆಟ್ಟದ ಬಂಗಲೆ. ನಾನು ಅವನ್ನು ಚಂದದ ಅಕ್ಷರದಲ್ಲಿ ನಕಲು ಮಾಡಿದ್ದೆ, ಅವು ಹೇಗೆ ಕಟ್ಟಿದ ಪತ್ರಗಳು ಎಂದು ನೋಡಿರಲಿಲ್ಲ. ಒದ್ದೆ ಕೈಯಲ್ಲೇ ಓಡಿ ಹೋಗಿ ನೆನಪಿದ್ದಷ್ಟನ್ನು ಬರೆದೆ. ಒಂದು, ಎರಡು, ಮೂರು ಪತ್ರ. ಅಯ್ಯೋ, ಎಲ್ಲದರ ಎಲುಬೂ ಒಂದೇ! ಮೊದಲ ಸಾಲಿನಲ್ಲಿ ಉಪಕಾರ ಸ್ಮರಣೆ, ಒಂದೇ ಸಾಲು. ಎರಡನೆಯ ಸಾಲಿನಲ್ಲೇ 'ಲೈಡರ್', ಅಂದರೆ ನಮ್ಮ ದುರ್ದೈವಕ್ಕೆ, ಅದರ ಬೆನ್ನಿಗೇ ಆಗುವುದಿಲ್ಲ ಎಂಬ ಮಾತು, ನೆಟ್ಟಗೆ. ಆಮೇಲೆ ಒಂದೇ ಒಂದು ಕಾರಣ. ಕೊನೆಗೆ ತಮ್ಮಿಂದ ಏನು ಆಗುತ್ತದೋ ಅದು: ಊಟಕ್ಕೆ ಬರಲಾರೆ, ಭಾನುವಾರ ಮಕ್ಕಳನ್ನು ಕಳಿಸಿಕೊಡಿ. ಇಷ್ಟೇ.

ಅಂಗಳದಲ್ಲಿ ಕುಣಿಯುವುದೊಂದು ಬಾಕಿ. ಬಾನಿಯ ಹದ ಗೊತ್ತಾದಾಗ ಆಗುವ ಖುಷಿಯೇ ಅದು. ಅವರು ಸುತ್ತಿ ಬಳಸಿ ಮುಖ ಉಳಿಸುವುದಿಲ್ಲ, ಬೇಗ ಹೇಳಿ ಮುಖ ಉಳಿಸುತ್ತಾರೆ. ತಡಮಾಡಿದಷ್ಟೂ ಅವರಿಗೆ ಅದು ಅವಮಾನ.

ಪತ್ರ ಬರೆದು ಹಿರಿಯರಿಗೆ ಕನ್ನಡದಲ್ಲಿ ಓದಿದೆ. ಎರಡನೆಯ ಸಾಲು ಬಂದಾಗ ಕಾಕಾ ಚುರುಕ್ಕೆಂದವರಂತೆ ಮುಖ ಹಿಂಡಿದರು.

"ಇಷ್ಟು ಲಗೂ? ಕುಂಡರು ಸುದ್ದಾ ಅನ್ನದ?"

"ಅವರ ರೀತಿ ಹಂಗ ಅದರೀ."

"ಸ್ವಲ್ಪ ಕೆಳಗ ಸರಸೊ. ಕಡೀಕ ಬರೀ."

"ಕಡೀಕ ಬರದ್ರ ನಾವು ಮೋಸಾ ಮಾಡಿದಂಗ ಕಾಣತದ."

ಅರ್ಧ ದಿನ ವಾದವಾಯಿತು. ಒಂದೇ ಕಾರಣ ಯಾವುದು ಎನ್ನುವುದಕ್ಕೆ ಇನ್ನರ್ಧ ದಿನ. ಹನ್ನೊಂದು ಮನೆಗೆ ಹನ್ನೊಂದು ಕಾರಣ! ಕೊನೆಗೆ ಪತ್ರವನ್ನು ಮುಂಬಯಿಗೆ ಹಾಕಿದೆ. ಐದನೆಯ ದಿನ ಅವರ ಕಚೇರಿಯಿಂದ ತಂತಿ ಬಂತು. ಸಾಹೇಬ ಆಗಲೇ ಸಂಚಾರಕ್ಕೆ ಹೊರಟಿದ್ದಾರೆ, ಪತ್ರ ಅವರ ಮೇಜಿನ ಮೇಲಿದೆ, ಬುಧವಾರ ಜಮಖಂಡಿಯ ಬಂಗಲೆಯಲ್ಲಿ ಸಿಗುತ್ತಾರೆ. ಅಲ್ಲಿಗೆ ಕಾಗದದ ಆಟ ಮುಗಿಯಿತು. ಈಗ ಬಾಯಿಯಿಂದ ಹೇಳಬೇಕು, ಎದುರಿಗೆ ನಿಂತು.

ಬುಧವಾರ ಬೆಳಗ್ಗೆ ಟಾಂಗಾ ಬಂದು ನಿಂತಿತು. ಕಾಕಾ ನನ್ನ ಜೊತೆ ಬರುವವರು. ಅವರ ಕೈಯಲ್ಲಿ ಬುಟ್ಟಿ: ಇನ್ನೊಂದು ರುಮಾಲು, ಎರಡು ಕಾಯಿ, ಸಾಹೇಬನ ಹೆಂಡತಿಗೆಂದು ಒಂದು ಚಂದ್ರಕಾಳಿ ಸೀರೆ. ಅದನ್ನು ನೋಡಿ ನಾನು ಮೆಟ್ಟಿಲ ಮೇಲೆಯೇ ನಿಂತೆ. ಹಿಂದೆ ಎಡವಿದ ಕಲ್ಲು ಅದೇ. ನನ್ನ ಹಿರಿಯರಿಗೆ ಹುಟ್ಟಿದಾಗಿನಿಂದ ಎದುರಾಡಿದವನಲ್ಲ ನಾನು. ಆದರೂ ಅಂದೆ:

"ಕಾಕಾ, ಬುಟ್ಟಿ ಬ್ಯಾಡ್ರೀ. ಈ ಸಲ ಬರೇ ಕೈಲೆ ಹೋಗೂಣು."

"ಬರೇ ಕೈಲೆ? ಬೇಡಾಕ ಹೊಂಟೇವೊ ನಾವು!"

"ಏನರ ಕೊಟ್ರ ಆವಾ ಮತ್ತ ಹೂಂ ಅಂದ್ರಂತ ತಿಳಕೋತಾನ. ನಾ ಒಲ್ಲೆ."

ಕಾಕಾ ಬುಟ್ಟಿಯನ್ನು ಕಾಕಿಯ ಕೈಗೆ ಕೊಟ್ಟು ಟಾಂಗಾ ಹತ್ತಿದರು. ಜಮಖಂಡಿಯತನಕ ಅವರು ಎರಡು ಸಲ ನನ್ನ ಕಡೆ ತಿರುಗಿ ಏನೋ ಹೇಳಹೊರಟು ಮತ್ತೆ ರಸ್ತೆ ನೋಡಿದರು. ನಾನು ದಾರಿಯುದ್ದಕ್ಕೂ ಕುದುರೆಯ ಗೊರಸಿನ ಸಪ್ಪಳಕ್ಕೆ ತಕ್ಕಂತೆ ನನ್ನ ಎರಡು ಸಾಲು ಜಪಿಸುತ್ತಿದ್ದೆ.

ಬಂಗಲೆಯ ಮೇಜಿನ ಮೇಲೆ ನಕ್ಷೆ ಹಾಸಿತ್ತು, ನಾಲ್ಕು ಮೂಲೆಗೂ ನಾವು ಕೊಳ್ಳುವ ನೀಲಿ ಪುಡಿಯ ಸಣ್ಣ ಡಬ್ಬಿಗಳನ್ನು ಭಾರ ಇಟ್ಟಿದ್ದರು. ಕಾಕಾ ಒಳಗೆ ಬರಲೊಪ್ಪದೆ ಜಗಲಿಯ ಮೇಲೆ ಕೂತರು. ಸಾಹೇಬ ತೋಳು ಚಾಚಿ ಬಂದ. ಇಂಜಿನಿಯರ್ ಮಸಿಯ ಕುಡಿಕೆಯ ಮುಚ್ಚಳ ತೆಗೆದ. ಕುರ್ಚಿ ತೋರಿಸಿದರು. ಕೂತರೆ ಚಹಾ ಬರುತ್ತದೆ, ಚಹಾ ಬಂದರೆ ಮಾತು ತಡವಾಗುತ್ತದೆ. ನಿಂತೇ ಹೇಳಿದೆ:

"ಹೆರ್ ಡಾಕ್ಟರ್, ವೀರ್ ಡಾಂಕನ್ ಈನನ್ ಫೊನ್ ಹೆರ್ತ್ಸನ್. ಲೈಡರ್ ಕ್ಯೋನನ್ ವೀರ್ ಈರ್ ಆನ್‌ಗೆಬೋಟ್ ನಿಖ್ಟ್ ಆನ್‌ನೇಮನ್."

ತಮಗೆ ಹೃತ್ಪೂರ್ವಕ ವಂದನೆ. ದುರ್ದೈವಕ್ಕೆ, ತಾವು ಮುಂದಿಟ್ಟದ್ದನ್ನು ನಾವು ಸ್ವೀಕರಿಸಲಾರೆವು. ಹೇಳಿದೆ! ನಾಲಗೆ ತೊದಲಲೂ ಇಲ್ಲ.

ಸಾಹೇಬನ ತೋಳು ಕೆಳಗಿಳಿಯಿತು. "ಆದರೆ ಆ ರುಮಾಲು?" ಎಂದ.

ಎಲೆಯ ಸಂಗತಿ ಹೇಳಿದೆ. ಆ ತಟ್ಟೆಯಲ್ಲಿ ಏನಿರಲಿಲ್ಲ, ಅದರ ಅರ್ಥ ಏನು, ಮತ್ತು ಅದನ್ನು ಆಗಲೇ ಬಿಡಿಸಿ ಹೇಳಬೇಕಾದವನು ನಾನಿದ್ದೂ ಹೇಳದೆ ತಪ್ಪು ಮಾಡಿದೆ ಎಂದೂ ಹೇಳಿದೆ. ಅವನು ಕುರ್ಚಿಯಲ್ಲಿ ಕುಸಿದ. ಕೆನ್ನೆ ಕೆಂಪಾಯಿತು. ಮುಗಿಯಿತು, ಪುಡಿ ನಿಂತಿತು ಎಂದುಕೊಂಡೆ. ಇಂಜಿನಿಯರ್ ಏನೋ ಸಿಡುಕಿದ. ಸಾಹೇಬ ಕೈ ಎತ್ತಿ ಅವನನ್ನು ತಡೆದು ನನ್ನನ್ನು ಕೇಳಿದ: "ಕಾರಣ?"

ಒಂದೇ ಕಾರಣ. ಅದು ಬಣ್ಣದ ಮಾತು, ಬಣ್ಣದ ಮಾತಿನಲ್ಲಿ ನನ್ನ ಜರ್ಮನ್ ಯಾರಿಗೂ ಸೋಲುವುದಿಲ್ಲ. ತಾವು ಸೊಲ್ಲಾಪುರದ ಪೇಟೆಯಲ್ಲಿ ನೋಡಿದ ನೀಲಿ ಒಂದು ಮನೆಯದು, ಎಂದೆ. ನಮ್ಮ ಓಣಿಯಲ್ಲಿ ಅಂಥ ಹನ್ನೊಂದು ನೀಲಿ ಇವೆ. ನೇಕಾರ ತನಗೆ ಬೇಕಾದ ನೀಲಿಗಾಗಿ ತನ್ನ ನೀಲಗಾರನ ಮನೆಗೆ ಬರುತ್ತಾನೆ. ಬಾಯ್ಲರಿನಿಂದ ಒಂದೇ ನೀಲಿ ಬರುತ್ತದೆ, ಅದು ತಪ್ಪಿಲ್ಲದ ನೀಲಿ, ಆದರೆ ಉಳಿದ ಹತ್ತು ಮನೆಯ ನೇಕಾರರಿಗೆ ಬೇಡವಾದ ನೀಲಿ. ಅವರು ಬೇರೆ ಊರಿಗೆ ಹೋಗುತ್ತಾರೆ, ಬೇರೆಯವರ ಪುಡಿ ಕೊಳ್ಳುತ್ತಾರೆ. ಹನ್ನೊಂದು ಮನೆಯ ಬಾನಿಯೂ ಜೀವಂತ ಇದ್ದರೆ ಹನ್ನೊಂದರೊಳಗೂ ಬೀಳುವುದು ತಮ್ಮ ಪುಡಿಯೇ. ಕೊನೆಗೆ, ನಮ್ಮಿಂದ ಆಗುವುದು: ತಮ್ಮ ಪುಡಿ ಯಾವ ನೀರಿಗೆ, ಯಾವ ಹವೆಗೆ ಹೇಗೆ ನಡೆಯಿತು ಎಂದು ತಿಂಗಳಿಗೊಮ್ಮೆ ಹನ್ನೊಂದು ಮನೆಯ ಮಾದರಿ ಲಡಿಯ ಜೊತೆ ಬರೆದು ಕಳಿಸುತ್ತೇವೆ.

ಹೇಳುತ್ತ ಹೇಳುತ್ತ ಹುರುಪೇರಿ ನಾನು ಮೇಜು ಗುದ್ದಿದ್ದೆ. ಒಂದು ಡಬ್ಬಿ ಉರುಳಿ ನಕ್ಷೆ ಸುರುಳಿ ಸುತ್ತಿಕೊಂಡಿತು. ಸಾಹೇಬ ಅದನ್ನು ಬಿಡಿಸಲಿಲ್ಲ. ನೋಡುತ್ತ ಕೂತವನು ಮೆಲ್ಲಗೆ ನಗತೊಡಗಿದ.

"ಪ್ರತಿ ತಿಂಗಳೂ? ಹನ್ನೊಂದು ಮಾದರಿ?" ಎಂದ. ತನ್ನ ಪುಸ್ತಕ ತೆಗೆದು ಬರೆದುಕೊಂಡ. ಪುಡಿ ಮೊದಲಿನಂತೆ ಬರುತ್ತದೆ, ಬಾಯ್ಲರನ್ನು ಬೇರೆ ಕಡೆ ಕಳಿಸುತ್ತೇನೆ ಎಂದ. ನಾನು ಮೇಜಿನ ಅಂಚು ಹಿಡಿದುಕೊಂಡೆ, ಇಲ್ಲದಿದ್ದರೆ ಅಲ್ಲೇ ಕೂಗಿಬಿಡುತ್ತಿದ್ದೆ.

"ಮತ್ತೆ ನೀನು? ನಿನ್ನ ಶಾಲೆಗೂ ಈ ಬಾಯ್ಲರಿಗೂ ಈಗ ಸಂಬಂಧವಿಲ್ಲ. ಎರಡು ತಿಂಗಳಿಗೆ ಹಡಗು ಹೊರಡುತ್ತದೆ. ಕಲಿತು ಬಾ. ನಮ್ಮ ಕಂಪನಿಗೆ ಇಂಥವನು ಬೇಕು. ಮುಂಬಯಿಯಲ್ಲಿ ಇರುತ್ತೀಯ, ಊರೂರು ತಿರುಗಿ ಬಣ್ಣದ ಮನೆ ಕಟ್ಟಿಸುತ್ತೀಯ."

ಇದಕ್ಕೆ ನಾನು ಪತ್ರ ಬರೆದಿರಲಿಲ್ಲ. ಇದನ್ನು ಟಾಂಗಾದಲ್ಲಿ ಜಪಿಸಿರಲಿಲ್ಲ. ಬೇಕು, ಬೇಕು, ಬೇಕು ಎಂದು ಒಳಗೆ ಯಾರೋ ಕೂಗುತ್ತಿದ್ದರು. ಸುಳ್ಳೇಕೆ ಹೇಳಲಿ, ಇಂದಿಗೂ ಆ ಗಾಜಿನ ಕಿಟಕಿಗಳ ಸಾಲು ಕನಸಿಗೆ ಬರುತ್ತದೆ. ಆದರೆ ಅವನು ತನಗೆ ತಿಳಿಯದೆಯೇ ನನ್ನ ಕೆಲಸ ಹೇಳಿಬಿಟ್ಟಿದ್ದ: ಊರೂರು ತಿರುಗಿ ಬಣ್ಣದ ಮನೆ ಕಟ್ಟಿಸುವುದು. ಅಂದರೆ ಊರೂರಿನ ಓಣಿಗೆ ಹೋಗಿ, ಇಂಥದೇ ಕಾಕಾನ ಎದುರು ಕೂತು, ಬಾನಿ ಮುಚ್ಚಿರಿ ಎನ್ನುವುದು, ಅದೂ ಅವರದೇ ಮಾತಿನಲ್ಲಿ.

ಮೊದಲ ಸಾಲು ಉಪಕಾರ. ಎರಡನೆಯ ಸಾಲು ಬೇಗ. ಹೇಳಿದೆ. ಕಾರಣವನ್ನೂ ಇದ್ದಂತೆಯೇ ಹೇಳಿದೆ.

"ಶಾಡ," ಎಂದ ಸಾಹೇಬ. ಛೇ, ಎಂಥ ಹಾನಿ ಎಂಬ ಮಾತು ಅದು. ಎದ್ದು ನನ್ನ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ.

ಹೊರಗೆ ಬಂದು ಕಾಕಾನಿಗೆ ಪುಡಿ ಬರುತ್ತದೆ, ಬಾಯ್ಲರ್ ಬರುವುದಿಲ್ಲ ಎಂದೆ. ಅವರು ಎರಡೂ ಕೈ ಎತ್ತಿ ಬಂಗಲೆಗೂ ಆಕಾಶಕ್ಕೂ ಮುಗಿದರು. ಟಾಂಗಾದವನಿಗೂ ಒಂದು ಸಲ ಹೇಳಿಸಿದರು. ದಾರಿಯಲ್ಲಿ ಒಂದೇ ಸಮನೆ ಮಾತಾಡುತ್ತ ಬಂದವರು, ಊರು ಹತ್ತಿರವಾದಾಗ ತಣ್ಣಗೆ ಕೇಳಿದರು:

"ಹಡಗ ಯಾವಾಗ?"

ನಾನು ಬೆಚ್ಚಿದೆ. "ಯಾವ ಹಡಗ್ರೀ?"

"ಲೇ ತಮ್ಮಾ, ನನಗ ಜರ್ಮನ್ ಬರೂದಿಲ್ಲ. ಕಣ್ಣು ಅದಾವಲ್ಲಾ? ಹಡಗದ ಚಿತ್ರಾ ತೋರಿಸಿ ನಿನ್ನ ಭುಜಾ ತಟ್ಟಿದ. ನಿನ್ನ ಮುಖಾ ದೀಪಾ ಹಚ್ಚಿದಂಗ ಆತು. ಓಣಿಗೆಲ್ಲಾ ತಿಳೀತು ಅವತ್ತ."

"ನಾ ಒಲ್ಲೆ ಅಂದೆ ಕಾಕಾ."

ಅವರು ತಲೆ ತಗ್ಗಿಸಿದರು. ಖುಷಿಪಡುತ್ತಾರೆ ಎಂದುಕೊಂಡಿದ್ದೆ, ಅವರ ಮುಖ ಯಾಕೋ ಬಾಡಿತ್ತು.

ಓಣಿಯ ಬಾಯಲ್ಲಿ ಹನ್ನೊಂದು ಮನೆಯವರೂ ನಿಂತಿದ್ದರು. ಸುದ್ದಿ ಕೇಳಿ ಕೂಗಾಡಿದರು, ಹೆಂಗಸರು ಬೆಲ್ಲ ಹಂಚಿದರು. ಗದ್ದಲ ತುಸು ಇಳಿದ ಮೇಲೆ ಕಾಕಾ ಒಳಗೆ ಹೋಗಿ ಮಡಿಸಿದ ಒಂದು ದಪ್ಪ ಹಚ್ಚಡ ತಂದರು. ಎರಡು ಪದರ ನೇಯ್ದದ್ದು, ನಮ್ಮ ಕಡೆಯ ಯಾವ ಚಳಿಗೂ ಬೇಡವಾಗುವಷ್ಟು ದಪ್ಪ. ಬಿಡಿಸಿದರು. ಅಡ್ಡಕ್ಕೆ ಹನ್ನೊಂದು ಪಟ್ಟಿ, ಹನ್ನೊಂದೂ ನೀಲಿ, ಒಂದರಂತೆ ಒಂದಿಲ್ಲ. ಕಾಗೆಗಪ್ಪಿನದು ಎದುರು ಮನೆಯದು, ತಿಳಿಯದು ಮೂಲೆ ಮನೆಯದು. ಕೆಂಪು ಹೊಳಪಿನದು ನಮ್ಮದೇ, ನನ್ನ ಕಣ್ಣು ತಪ್ಪಿಸಿ ನನ್ನ ಹೆಂಡತಿ ಬಣ್ಣ ಹಾಕಿದ್ದು.

"ಅವರ ದೇಶದಾಗ ಥಂಡಿ ಭಾಳ ಅಂತ ಕೇಳಿದ್ವಿ," ಎಂದರು ಕಾಕಾ. "ನಮ್ಮ ಮಾತು ಒಲ್ಲೆ ಅಂದು ಬಾ, ನಿಂದು ಹೂಂ ಅಂದು ಬಾ ಅಂತ ಹೇಳಾಂವಿದ್ದೆ. ನಿನ್ನ ಮನಸಿನ್ಯಾಗ ಇದ್ದದ್ದು ನೀನ ಬಾಯಿ ಬಿಡ್ಲಿಲ್ಲ. ಕೇಳಾಕ ನನಗ ಬಾಯಿ ಬರ್ಲಿಲ್ಲ."

ಕಾಕಾ ಹಚ್ಚಡವನ್ನು ನನ್ನ ಮುಂದೆ ಹಿಡಿದರು.

"ಇದನ್ನೂ ಒಲ್ಲೆ ಅಂತೀ ಏನು?"

ಸುಡುವ ಬಿಸಿಲಿತ್ತು. ನಾನು ಅದನ್ನು ತೆಗೆದುಕೊಂಡು ಹೊದ್ದುಕೊಂಡೆ.